ಸೀಮೆಸುಣ್ಣ ನಿಲ್ಲುವವರೆಗೆ

ಸೇತುವೆ ದಾಟಿ ಬರುವಾಗ ಕನ್ನಡಿಯಲ್ಲಿ
ಸದಾಶಿವಗಡ ಎರಡೆರಡು ಕಾಣ್ತದೆ ಗಜೂ,
ಅಂದರು ಎಸ್ಪೆರಾನ್ಸ ಅಕ್ಕೋರು,
ಬೈತಖೋಲದ ನನ್ನ ಶೆಡ್ಡಿನ ಮುಂದೆ
ಆ ಕೆಂಪು, ಎರಡೇ ಸೀಟಿನ ಕಾರಿನಿಂದ
ಒಂದೊಂದೇ ಕಾಲು ಬಿಡಿಸಿಕೊಂಡು ಇಳಿಯುತ್ತ.

ಗೋವೆಯಲ್ಲಿ ಹುಟ್ಟಿದ ಕಾರು. ಫೈಬರಿನ ಮೈ, ಬಟ್ಟೆಯ ಮಾಡು.
ಮಾಡಿದ ಕಂಪನಿಯೇ ಈಗಿಲ್ಲ.
ರಿಟೈರಾದ ದುಡ್ಡಲ್ಲಿ ಇದನ್ನು ಕೊಂಡಾಗ
ಇಡೀ ಕೋಡಿಬಾಗ ನಕ್ಕಿತ್ತು. ನಾನೂ ನಕ್ಕಿದ್ದೆ,
ಒಂಬತ್ತನೇ ಇಯತ್ತೆಯಲ್ಲಿ ಗಣಿತಕ್ಕೆಂದು
ನನ್ನನ್ನು ಎರಡು ವರ್ಷ ಕೂರಿಸಿದವರು ಅವರೇ.

ನನ್ನದು ದೋಣಿ ಇಂಜಿನಿನ ಕೈ.
ಆರು ಸಿಲಿಂಡರಿನ ಡೀಸೆಲ್ಲು, ಬಲೆ, ಉಪ್ಪು.
ಆದರೂ ಬಾನೆಟ್ ಎತ್ತಿ, ಬ್ರೇಕ್ ಒತ್ತಿ ಹಿಡೀರಿ ಅಂದೆ,
ರಿವರ್ಸಿಗೆ ಹಾಕಿ, ಕ್ಲಚ್ ತುಸುವೇ ಬಿಡಿ.
ಇಂಜಿನ್ ಎದ್ದು ನಿಂತಿತು,
ಪಂಕ್ತಿಯಿಂದ ಸಿಟ್ಟಲ್ಲಿ ಏಳುವ ಮಾವನ ಹಾಗೆ,
ಮತ್ತೆ ಧೊಪ್ಪನೆ ಕೂತಿತು.

ಮೌಂಟು ಹೋಗಿದೆ ಅಕ್ಕೋರೆ. ಮೂರೂ.
ಎಂತದದು?
ಇಂಜಿನಿಗೂ ಮೈಗೂ ನಡುವೆ ಇರುವ ರಬ್ಬರು.
ಅದರ ಕೆಲಸ ಎಂತ?
ಕೂತಿರೋದು.

ಬೋಲ್ಟು ಬಿಡಲಿಲ್ಲ. ಇಪ್ಪತ್ತು ಮಳೆಗಾಲದ ಕಡಲಗಾಳಿ
ನಟ್ಟನ್ನೂ ಬೋಲ್ಟನ್ನೂ ಒಂದೇ ಜಾತಿ ಮಾಡಿತ್ತು.
ಸೀಮೆಎಣ್ಣೆ ಹೊಯ್ದೆವು. ಒಂದು ರಾತ್ರಿ ಕಾದೆವು.
ಗ್ಯಾಸಿನ ನಾಲಗೆ ತಾಗಿಸಿದೆವು.
ಕನ್ನಡದಲ್ಲಿ ಬೈದೆವು, ಕೊಂಕಣಿಯಲ್ಲಿ ಬೈದೆವು.
ಕೊಂಕಣಿಗೆ ಬಿಟ್ಟಿತು.

ಜಾಕಿನ ತಲೆಗೆ ಒಡೆದ ದೋಣಿಯ ಹಲಗೆ ತುಂಡು,
ಅದರ ಮೇಲೆ ಇಂಜಿನಿನ ಹೊಟ್ಟೆ.
ವಿಠ್ಠು ಹಳೆ ರಬ್ಬರನ್ನು ಎಳೆದು ತೆಗೆದ:
ಎಣ್ಣೆ ಕುಡಿದು ಉಬ್ಬಿ, ನಡುವೆ ಬಾಯಿ ಬಿಟ್ಟು,
ಬಂಡೆಯಿಂದ ಕಿತ್ತ ಕಲ್ವದ ಹಾಗೆ.

ಹೊಸದು ಮಡಗಾಂವಿನಲ್ಲಿಲ್ಲ, ಹುಬ್ಬಳ್ಳಿಯಲ್ಲಿಲ್ಲ.
ರೇಸಿನ ಹುಡುಗರು ಹಾಕುವ ಗಟ್ಟಿ ನಮೂನೆಯದ್ದು ಸಿಕ್ಕಿತ್ತು,
ಬೇಡ ಅಂದೆ. ಅದು ಏನನ್ನೂ ನುಂಗೋದಿಲ್ಲ ಅಕ್ಕೋರೆ,
ಇಂಜಿನಿನ ನಡುಕವನ್ನು ನೇರ ನಿಮ್ಮ ಹಲ್ಲಿಗೆ ಮುಟ್ಟಿಸ್ತದೆ.
ಕೊನೆಗೆ ಅಂಕೋಲೆಯ ಗುಜರಿಯಲ್ಲಿ
ಯಾವುದೋ ವ್ಯಾನಿಗೆಂದು ಬಂದು, ಪೊಟ್ಟಣ ಬಿಚ್ಚದೆ ಉಳಿದ ಮೂರು.
ತೂತು ಹೊಂದಲಿಲ್ಲ. ಪಟ್ಟಿ ಕೊರೆದೆ. ಮತ್ತೆ ಕೊರೆದೆ.
ಎಂಟು ಮಿಲಿಮೀಟರು ಆಚೆ, ಅಂದರು ಅಕ್ಕೋರು
ಸ್ಟೂಲಿನ ಮೇಲಿಂದ, ಕನ್ನಡಕ ಏರಿಸಿ.
ಈ ಸಲ ಕೇಳಿದೆ.

ಪೂರ್ತಿ ಬಿಗಿಯಬೇಡ ವಿಠ್ಠೂ.
ಮೊದಲು ಚಾಲೂ ಮಾಡು, ಅಲುಗಲಿ.
ಕೂರುವ ಜಾಗ ಅದೇ ನೋಡಿಕೊಳ್ಳಲಿ.
ಆಮೇಲೆ ಬಿಗಿ.

ಅಕ್ಕೋರು ಹತ್ತಿ ಕೂತರು, ಕೀಲಿ ತಿರುಗಿಸಿದರು,
ಕರ್ರ್ ಎಂದು ಹಲ್ಲು ಕಡಿಯಿತು ಸ್ಟಾರ್ಟರು.
ಅಯ್ಯೋ, ಚಾಲೂ ಉಂಟು ಅಕ್ಕೋರೆ!
ಚಾಲೂ ಉಂಟಾ?
ಸ್ಟಿಯರಿಂಗಿನ ಮೇಲೆ ಅಂಗೈ ಇಟ್ಟು ನೋಡಿದರು,
ಮಲಗಿದ ನಾಯಿಯ ಬೆನ್ನು ಮುಟ್ಟುವ ಹಾಗೆ.

ಆಮೇಲೆ ಚೀಲದಿಂದ ಒಂದು ಸೀಮೆಸುಣ್ಣ ತೆಗೆದರು.
ಮರೆಯುವುದುಂಟೇ? ಮೇಜಿನ ತುದಿಯಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದರು,
ಬಿದ್ದರೆ ಇಡೀ ವರ್ಗಕ್ಕೆ ಹದಿನೇಳರ ಮಗ್ಗಿ.
ಬೀಳಿಸುತ್ತಿದ್ದದ್ದು ನನ್ನ ಮೊಣಕಾಲು.
ಬೆಂಚಿನ ಕೆಳಗೆ ತನ್ನಷ್ಟಕ್ಕೆ ಕುಣಿಯುತ್ತಿತ್ತು,
ಬೆಂಚು ಮೇಜಿಗೆ ತಾಗಿತ್ತು.
ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸಿದರು. ಕೈ ಬಿಟ್ಟರು.
ವಿಠ್ಠು ಉಸಿರು ಹಿಡಿದ.
ಬಂದರಿನಲ್ಲಿ ಟ್ರಾಲರೊಂದಕ್ಕೆ ಬರ್ಫ ಸುರಿಯುತ್ತಿದ್ದರು.
ನಿಂತೇ ಇತ್ತು.

ನಿನ್ನ ಬೆಂಚಿನ ಕಾಲಿಗೆ ಒಂದು ರಬ್ಬರು ಸಿಕ್ಕಿಸಿದ್ದರೆ
ಸಾಕಿತ್ತು ಕಣೋ, ಅಂದರು,
ಸೀಮೆಸುಣ್ಣವನ್ನೇ ನೋಡುತ್ತ.

ಬಿಲ್ಲು ಓದಿದರು. ಕೂಡಿಸಿದ್ದು ತಪ್ಪು,
ನೂರ ಎಂಬತ್ತು ನಿನಗೇ ಲುಕ್ಸಾನು. ತಿದ್ದಿ ಕೊಟ್ಟರು.
ನಾಳೆ ಗಡ ಎಷ್ಟು ಉಂಟು ಎಣಿಸಿ ಹೇಳ್ತೇನೆ, ಅಂದು
ಹೆದ್ದಾರಿಗೆ ಏರಿದರು.

ಸಂಜೆ ಸ್ಟೂಲಿನ ಮೇಲೆ ಕೂತು ಚಾ ಕುಡಿಯುತ್ತಿದ್ದೆ.
ಲೋಟದ ಚಾ ನಡುಗುತ್ತಿತ್ತು. ಕೆಳಗೆ ನೋಡಿದೆ:
ಮೊಣಕಾಲು.